ಮಗು ನಿಂತಿರುವ ಜಾಗದಿಂದ ಪಾಠ

(ಕಡಿಮೆ ಆದಾಯದ ದೇಶಗಳ ಪ್ರಾಥಮಿಕ ಶಿಕ್ಷಣದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. 46ರಲ್ಲಿ 17 ಕಳೆದರೆ ಎಷ್ಟು?

ನೀವೆಲ್ಲ ಮನಸ್ಸಿನಲ್ಲೇ 29 ಅಂದಿರುತ್ತೀರಿ. ಆದರೆ ಬಹಳ ಮಕ್ಕಳು ಬರೆಯುವ ಉತ್ತರ 31. ಅದು ಎಲ್ಲಿಂದ ಬಂತು ನೋಡಿ. ಬಿಡಿ ಸ್ಥಾನದಲ್ಲಿ ಮೇಲೆ 6 ಇದೆ, ಕೆಳಗೆ 7 ಇದೆ. ಆರರಲ್ಲಿ ಏಳು ಹೋಗುವುದಿಲ್ಲ. ಹಾಗಾಗಿ ಮಗು ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತದೆ. ಏಳರಲ್ಲಿ ಆರು ಹೋದರೆ ಒಂದು. ಆಮೇಲೆ ನಾಲ್ಕರಲ್ಲಿ ಒಂದು ಹೋದರೆ ಮೂರು. 31 ಆಯಿತು. ಮಗು ಸುಮ್ನೆ ಏನೋ ಗೀಚಿಲ್ಲ. ಅದಕ್ಕೆ ಗೊತ್ತಿರುವ ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ.

ಈ ಉತ್ತರದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೀಟು ಎಳೆದು ಮುಂದಿನ ಪಾಠಕ್ಕೆ ಹೋಗಬಹುದು. ಇಲ್ಲವೇ ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟು, ಜೊತೆಗೆ ಆರು ಬಿಡಿ ಕಡ್ಡಿ ಮುಂದಿಟ್ಟು, "ಹದಿನೇಳು ಕಡ್ಡಿ ಕೊಡು" ಅಂತ ಕೇಳಬಹುದು. ಮಗು ಒಂದು ಕಟ್ಟು ಕೊಡುತ್ತದೆ. ಆರು ಬಿಡಿ ಕಡ್ಡಿ ಕೊಡುತ್ತದೆ. ಆಮೇಲೆ ಕೈ ನಿಲ್ಲುತ್ತದೆ. ಇನ್ನೊಂದು ಬೇಕು, ಬಿಡಿ ಕಡ್ಡಿ ಮುಗಿದಿದೆ. ಸ್ವಲ್ಪ ಹೊತ್ತು ನಿಮ್ಮ ಮುಖ ನೋಡುತ್ತದೆ. ಕೊನೆಗೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ದಶಕ ತೆಗೆದುಕೊಳ್ಳುವುದು ಅಂತ ನಾವು ಬೋರ್ಡಿನ ಮೇಲೆ ವಾರಗಟ್ಟಲೆ ಹೇಳುತ್ತೇವಲ್ಲ, ಅದು ಆ ಬಿಚ್ಚಿದ ಕಟ್ಟಿನಲ್ಲಿದೆ.

ವಿಶ್ವಬ್ಯಾಂಕ್ ಪ್ರತಿ ವರ್ಷ ತರುವ ಅಭಿವೃದ್ಧಿ ವರದಿಯ 2018ರ ಸಂಚಿಕೆ ಮೊದಲ ಬಾರಿಗೆ ಪೂರ್ತಿಯಾಗಿ ಶಿಕ್ಷಣದ ಬಗ್ಗೆ ಇತ್ತು. ನಾನು ಕೇಳಿದ ಲೆಕ್ಕ ಅದರಲ್ಲೇ ಇದೆ. ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರಿಗೆ ಇಂಥ ಕಳೆಯುವ ಲೆಕ್ಕ ಬರುತ್ತಿರಲಿಲ್ಲ. ಐದನೇ ತರಗತಿಗೆ ಬಂದ ಮೇಲೂ ಅರ್ಧದಷ್ಟು ಮಕ್ಕಳಿಗೆ ಬರುತ್ತಿರಲಿಲ್ಲ. ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಲ್ಲಿ ಮೂರನೇ ತರಗತಿಯವರಿಗೆ "ನಾಯಿಯ ಹೆಸರು ಪಪ್ಪಿ" ಎಂಬಂಥ ಒಂದು ವಾಕ್ಯ ಓದಲು ಕೊಟ್ಟರೆ, ನಾಲ್ವರಲ್ಲಿ ಮೂವರಿಗೆ ಅರ್ಥವಾಗಲಿಲ್ಲ. ಇವರೆಲ್ಲ ಶಾಲೆ ಬಿಟ್ಟ ಮಕ್ಕಳಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಕ್ಕಳು. ಇದು ನನ್ನನ್ನು ತುಂಬಾ ಕಾಡುತ್ತದೆ.

ಮಕ್ಕಳನ್ನು ಶಾಲೆಗೆ ತಂದದ್ದು ಸಣ್ಣ ಕೆಲಸವಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಆಫ್ರಿಕಾದ ಮಲಾವಿ 1994ರಲ್ಲಿ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿತು. ಸುಮಾರು 19 ಲಕ್ಷ ಇದ್ದ ಮಕ್ಕಳ ಸಂಖ್ಯೆ ನೋಡನೋಡುತ್ತಿದ್ದಂತೆ 30 ಲಕ್ಷದ ಹತ್ತಿರಕ್ಕೆ ಬಂತು. ಉಗಾಂಡಾ 1997ರಲ್ಲಿ, ಟಾಂಜಾನಿಯಾ 2001ರಲ್ಲಿ, ಕೀನ್ಯಾ 2003ರಲ್ಲಿ ಅದೇ ದಾರಿ ಹಿಡಿದವು. ಫೀಸಿಲ್ಲ ಅಂದ ತಕ್ಷಣ ಅಪ್ಪ ಅಮ್ಮ ಮಕ್ಕಳನ್ನು ಕರೆದುಕೊಂಡು ಬಂದರು. ಬಡವರಿಗೆ ಓದಿನ ಬೆಲೆ ಗೊತ್ತಿಲ್ಲ ಅನ್ನುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಅವರು ತಮ್ಮ ಪಾಲಿನದನ್ನು ಮಾಡಿದರು. ತರಗತಿಯ ಒಳಗೆ ನಾವು ನಮ್ಮ ಪಾಲಿನದನ್ನು ಮಾಡಲಿಲ್ಲ. 2019ರಲ್ಲಿ ವಿಶ್ವಬ್ಯಾಂಕ್ "ಕಲಿಕೆಯ ಬಡತನ" ಎಂಬ ಒಂದು ಅಳತೆ ತಂದಿತು. ಹತ್ತು ವರ್ಷದ ಮಗು ಒಂದು ಸರಳ ಕಥೆ ಓದಿ ಅರ್ಥ ಮಾಡಿಕೊಳ್ಳಬಲ್ಲದೇ ಅಂತ ನೋಡುವ ಅಳತೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳನ್ನು ಒಟ್ಟಿಗೆ ತೆಗೆದುಕೊಂಡರೆ 53 ಶೇಕಡ ಮಕ್ಕಳಿಗೆ ಆಗುತ್ತಿರಲಿಲ್ಲ. ತೀರಾ ಬಡ ದೇಶಗಳಲ್ಲಿ ಅದು ಸುಮಾರು 90 ಶೇಕಡ. ಕೊರೊನಾಗಿಂತ ಮುಂಚಿನ ಲೆಕ್ಕ ಇದು.

ಹಾಗಾದರೆ ಏನು ಕೊಡಬೇಕು? ಎಲ್ಲರಿಗೂ ಮೊದಲು ಹೊಳೆಯುವುದು ಪುಸ್ತಕ. ಐದಾರು ಮಕ್ಕಳು ಒಂದೇ ಪುಸ್ತಕಕ್ಕೆ ಮುಗಿಬಿದ್ದಿದ್ದಾರೆ ಅಂದರೆ ಕಲಿಯುವುದು ಹೇಗೆ, ಅಲ್ವಾ? 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದಲ್ಲಿ ಕೆಲವು ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಯಾವ ಶಾಲೆಗೆ ಸಿಗಬೇಕು ಎಂಬುದನ್ನು ಯಾರ ಶಿಫಾರಸೂ ಇಲ್ಲದೆ ಗೊತ್ತುಮಾಡಿದರು. ಆಗ ತಾನೇ ಎರಡು ಗುಂಪುಗಳನ್ನು ನ್ಯಾಯವಾಗಿ ಹೋಲಿಸಬಹುದು. ಈ ಕೆಲಸದಲ್ಲಿದ್ದ ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಪುಸ್ತಕದಿಂದ ಎಷ್ಟು ಲಾಭವಾಯಿತು? ಸರಾಸರಿ ನೋಡಿದರೆ ಏನೂ ಇಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಕೆಲವು ಮಕ್ಕಳಿಗೆ ಮಾತ್ರ ಉಪಯೋಗವಾಯಿತು.

ಕಾರಣ ಗೊತ್ತಾದಾಗ ಬೇಸರವಾಗುತ್ತದೆ. ಆ ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಅಲ್ಲಿನ ಬಹುಪಾಲು ಮಕ್ಕಳಿಗೆ ಇಂಗ್ಲಿಷ್ ಮೂರನೇ ಭಾಷೆ. ಮನೆಯಲ್ಲಿ ಒಂದು, ಊರಾಚೆ ಸ್ವಾಹಿಲಿ, ಆಮೇಲೆ ಇಂಗ್ಲಿಷ್. ಪುಸ್ತಕ ಕೈಗೆ ಬಂತು, ಆದರೆ ಅದನ್ನು ಓದುವುದು ಹೇಗೆ? ಬರೆದವರ ಮನಸ್ಸಿನಲ್ಲಿದ್ದದ್ದು ಮುಂದಿನ ಬೆಂಚಿನ ಮಗು. ಸಿಲಬಸ್ಸೂ ಆ ಮಗುವಿಗಾಗಿಯೇ ಇತ್ತು. ಮಿಕ್ಕವರು ಒಂದನೇ ತರಗತಿಯಲ್ಲೇ ಸ್ವಲ್ಪ ಹಿಂದೆ ಬಿದ್ದರು, ಎರಡರಲ್ಲಿ ಇನ್ನಷ್ಟು, ಮೂರರಲ್ಲಿ ಕೈಗೇ ಸಿಗದಷ್ಟು. ಪಾಠ ನಿಲ್ಲಲಿಲ್ಲ. ಇವರು ಬಂದು ಕೂತು ಎದ್ದು ಹೋದರು.

ನಾನು ಇವತ್ತು ಹೇಳಬೇಕಿರುವುದೆಲ್ಲ ಇದೇ ಒಂದು ಮಾತಿನ ಸುತ್ತ ಇದೆ. ಪಾಠ ಶುರುವಾಗಬೇಕಾದ್ದು ಮಗು ಇರುವ ಜಾಗದಿಂದ. ತರಗತಿಯ ನಂಬರು ಹೇಳುವ ಜಾಗದಿಂದ ಶುರು ಮಾಡಿದರೆ ಪುಸ್ತಕ, ಕಟ್ಟಡ, ಕಂಪ್ಯೂಟರ್ ಯಾವುದೂ ನಾಟುವುದಿಲ್ಲ.

ಮಗು ಎಲ್ಲಿದೆ ಅಂತ ತಿಳಿಯುವುದು ಹೇಗೆ? ಬಹಳ ಸುಲಭ. 1995ರಲ್ಲಿ ಮುಂಬೈಯಲ್ಲಿ ಶುರುವಾದ ಪ್ರಥಮ್ ಸಂಸ್ಥೆ 2005ರಿಂದ ಅಸರ್ ಎಂಬ ಸಮೀಕ್ಷೆ ನಡೆಸುತ್ತಿದೆ. ಪರೀಕ್ಷೆಯ ಸಾಮಾನು ಅಂದರೆ ಒಂದೇ ಒಂದು ಹಾಳೆ. ಅದರಲ್ಲಿ ಕೆಲವು ಅಕ್ಷರ, ಕೆಲವು ಸಣ್ಣ ಪದ, ನಾಲ್ಕು ಸಾಲಿನ ಒಂದು ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಸ್ವಯಂಸೇವಕರು ಮನೆಗೇ ಹೋಗುತ್ತಾರೆ. ಶಾಲೆಯಲ್ಲಿ ಮಾಡಿದರೆ ಅವತ್ತು ಬಾರದ ಮಕ್ಕಳು, ಹೆಸರೇ ಹಚ್ಚದ ಮಕ್ಕಳು ತಪ್ಪಿಹೋಗುತ್ತಾರಲ್ಲ, ಅದಕ್ಕೆ. ಮೊದಲು ಪ್ಯಾರಾ ಓದು ಅನ್ನುತ್ತಾರೆ. ಸರಾಗವಾಗಿ ಓದಿದರೆ ಕಥೆ ಕೊಡುತ್ತಾರೆ. ತಡವರಿಸಿದರೆ ಪದಕ್ಕೆ ಇಳಿಯುತ್ತಾರೆ, ಅದೂ ಆಗದಿದ್ದರೆ ಅಕ್ಷರಕ್ಕೆ. ಮಗು ಬೆರಳನ್ನು ಅಕ್ಷರದ ಕೆಳಗೆ ಇಟ್ಟುಕೊಂಡು ಒಂದೊಂದನ್ನೇ ಕೂಡಿಸುತ್ತದೆ. ತುಟಿ ಅಲ್ಲಾಡುತ್ತದೆ. ಮೂರನೇ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಪದ ಮುಗಿದ ಮೇಲೂ ಅದು ಯಾವ ಪದ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ನಿಂತ ತಾಯಿ ಆ ಹೊತ್ತಿನಲ್ಲಿ ಮೊದಲ ಬಾರಿಗೆ ಇದನ್ನು ನೋಡುತ್ತಿರಬಹುದು. ನಾಲ್ಕು ವರ್ಷ ಶಾಲೆಗೆ ಹೋಗಿ ಬಂದ ಮಗು. ಐದು ನಿಮಿಷದ ಕೆಲಸ ಇದು. 2009ರಲ್ಲಿ ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಲ್ಲೂ ಇದೇ ಮಾದರಿಯಲ್ಲಿ ಉವೆಜೊ ಎಂಬ ಸಮೀಕ್ಷೆ ಶುರುವಾಯಿತು. ಸ್ವಾಹಿಲಿಯಲ್ಲಿ ಆ ಪದಕ್ಕೆ ಸಾಮರ್ಥ್ಯ ಅಂತ ಅರ್ಥ.

ಇಲ್ಲಿ ಒಂದು ಮಾತು. ಲೆಕ್ಕದ ಪ್ರಕಾರ ಭಾರತ ಇವತ್ತು ಕಡಿಮೆ ಆದಾಯದ ದೇಶಗಳ ಪಟ್ಟಿಯಲ್ಲಿಲ್ಲ, ಕೀನ್ಯಾ ಕೂಡ ಇಲ್ಲ. ಆದರೆ ಬಡ ಮಕ್ಕಳ ಕಲಿಕೆಯ ಬಗ್ಗೆ ಅತಿ ಹೆಚ್ಚು ಪ್ರಯೋಗ ನಡೆದದ್ದು ಈ ಎರಡು ದೇಶಗಳಲ್ಲಿ. ಮಲಾವಿಯಂಥ ದೇಶ ಪಾಠ ಕಲಿಯಬೇಕಾದ್ದು ಇವುಗಳಿಂದಲೇ. ಹಾಗಾಗಿ ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ.

ಮಟ್ಟ ಗೊತ್ತಾಯಿತು. ಮುಂದೇನು? ಪ್ರಥಮ್‌ನವರು ದಿನದ ಒಂದೆರಡು ಗಂಟೆ ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಸೇರಿಸಿ, ಓದಿನ ಮಟ್ಟಕ್ಕೆ ತಕ್ಕ ಹಾಗೆ ಗುಂಪು ಮಾಡುತ್ತಾರೆ. ಅಕ್ಷರದಲ್ಲಿರುವವರು ಒಂದು ಕಡೆ, ಪದದಲ್ಲಿರುವವರು ಇನ್ನೊಂದು ಕಡೆ. ಪ್ರತಿ ಗುಂಪಿಗೂ ಅದಕ್ಕೆ ಬೇಕಾದ ಆಟ, ಕಾರ್ಡು, ಕಥೆ. ಮಗು ಮುಂದೆ ಬಂದರೆ ಗುಂಪು ಬದಲಾಗುತ್ತದೆ. ಉತ್ತರ ಪ್ರದೇಶದಲ್ಲಿ 2013–14ರಲ್ಲಿ ಇಂಥ ಕಲಿಕಾ ಶಿಬಿರಗಳನ್ನು ಶಾಲೆಯಲ್ಲೇ ನಡೆಸಿದರು. ಒಂದೊಂದು ಹತ್ತು ಅಥವಾ ಇಪ್ಪತ್ತು ದಿನದ್ದು, ಒಟ್ಟು ಐವತ್ತು ದಿನ. ಶುರುವಿನಲ್ಲಿ ಪ್ಯಾರಾ ಅಥವಾ ಕಥೆ ಓದಬಲ್ಲವರು 15 ಶೇಕಡದಷ್ಟು ಇದ್ದರು. ಕೊನೆಗೆ ಶಿಬಿರ ನಡೆದ ಶಾಲೆಗಳಲ್ಲಿ ಅರ್ಧದಷ್ಟು ಮಕ್ಕಳು ಓದುತ್ತಿದ್ದರು, ನಡೆಯದ ಶಾಲೆಗಳಲ್ಲಿ ಕಾಲು ಭಾಗ. ಐವತ್ತು ದಿನದಲ್ಲಿ! ಅಂದರೆ ಆ ಮಕ್ಕಳಿಗೆ ಕಲಿಯುವ ಶಕ್ತಿ ಮೊದಲಿಂದಲೂ ಇತ್ತು. ಅವರನ್ನು ದಡ್ಡರು ಅಂದವರು ನಾವು.

ಇಷ್ಟು ಸುಲಭವಾದರೆ ಎಲ್ಲ ಕಡೆ ಯಾಕೆ ನಡೆಯುತ್ತಿಲ್ಲ? ಬಿಹಾರದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ನನಗೆ ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಕಲಿಸಿದ ಸಂಗತಿ ಇನ್ನೊಂದಿಲ್ಲ. ಅಲ್ಲಿ ಬೇಸಿಗೆ ರಜೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಹಿಂದೆ ಬಿದ್ದ ಮಕ್ಕಳಿಗೆ ಶಿಬಿರ ಮಾಡಿದರು. ಕೆಲವೇ ವಾರದಲ್ಲಿ ಓದು ಸುಧಾರಿಸಿತು. ರಜೆ ಮುಗಿಯಿತು. ತರಬೇತಿ, ಕಾರ್ಡು, ಪುಸ್ತಕ ಎಲ್ಲವೂ ಶಾಲೆಗೆ ಬಂದವು. ಅಂಥದೇ ಮೇಷ್ಟ್ರುಗಳು, ಅವೇ ಸಾಮಾನು. ಶಾಲೆಯ ದಿನಗಳಲ್ಲಿ ಫಲ ಮಾತ್ರ ಶೂನ್ಯ.

ರಜೆಯಲ್ಲಿ ಮೇಷ್ಟ್ರಿಗೆ ಇದ್ದದ್ದು ಒಂದೇ ಕೆಲಸ: ಈ ಮಗುವಿಗೆ ಓದು ಬರಿಸಬೇಕು. ಶಾಲೆ ಶುರುವಾದ ಮೇಲೆ ಅವರ ಕೆಲಸ ಸಿಲಬಸ್ ಮುಗಿಸುವುದು. ಮೇಲಿನಿಂದ ಬಂದವರು ಕೇಳುವುದೂ ಅದನ್ನೇ, ಎಷ್ಟನೇ ಪಾಠದಲ್ಲಿದ್ದೀರಿ ಅಂತ. ಎಷ್ಟು ಮಕ್ಕಳು ಓದುತ್ತಾರೆ ಅಂತ ಕೇಳುವವರಿಲ್ಲ. ಹಾಗಿರುವಾಗ ಹಿಂದಿನ ಬೆಂಚಿಗೆ ಹೋಗಿ ಅಕ್ಷರ ಹೇಳಿಕೊಡುವ ಮೇಷ್ಟ್ರು ತಮ್ಮ ಕೆಲಸವನ್ನೇ ಬಿಟ್ಟ ಹಾಗೆ ಕಾಣುತ್ತಾರೆ. ತಪ್ಪು ಅವರದಲ್ಲ. ಇದನ್ನು ಗಮನಿಸಿದ ಮೇಲೆ 2012–13ರಲ್ಲಿ ಹರಿಯಾಣದಲ್ಲಿ ಬೇರೆ ರೀತಿ ಮಾಡಿದರು. ದಿನಕ್ಕೆ ಒಂದು ಗಂಟೆ ಇದಕ್ಕೇ ಅಂತ ಸರ್ಕಾರವೇ ತೆಗೆದಿಟ್ಟಿತು. ಮೇಲ್ವಿಚಾರಣೆ ಮಾಡಬೇಕಾದವರು ಮೊದಲು ತಾವೇ ಮಕ್ಕಳಿಗೆ ಕೆಲವು ದಿನ ಪಾಠ ಮಾಡಿ ನೋಡಿದರು, ಆಮೇಲೆ ಮೇಷ್ಟ್ರುಗಳಿಗೆ ಜೊತೆಯಾದರು. ಹಿಂದಿಯಲ್ಲಿ ಮಕ್ಕಳು ಮುಂದೆ ಬಂದರು. ಗಣಿತದಲ್ಲಿ ಬರಲಿಲ್ಲ, ಅದನ್ನೂ ಹೇಳಬೇಕು. ಇವತ್ತು ಈ ವಿಧಾನ ಜಾಂಬಿಯಾದ ಸರ್ಕಾರಿ ಶಾಲೆಗಳಲ್ಲೂ ನಡೆಯುತ್ತಿದೆ.

ಗುಂಪು ಮಾಡುವುದೆಂದರೆ ಜಾಣರು, ದಡ್ಡರು ಅಂತ ಹಣೆಪಟ್ಟಿ ಕಟ್ಟಿದ ಹಾಗಲ್ಲವೇ ಅಂತ ಕೆಲವರು ಕೇಳುತ್ತಾರೆ. ಈ ಭಯ ನನಗೂ ಇತ್ತು. ಕೀನ್ಯಾದಲ್ಲಿ 2005ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಫೀಸು ತೆಗೆದ ಮೇಲೆ ಅಲ್ಲಿನ ಶಾಲೆಗಳ ಒಂದನೇ ತರಗತಿಯಲ್ಲಿ ಸರಾಸರಿ 83 ಮಕ್ಕಳು. ಹೆಚ್ಚುವರಿ ಶಿಕ್ಷಕರನ್ನು ಕೊಟ್ಟು ತರಗತಿಯನ್ನು ಎರಡು ಮಾಡಿದರು. ಕೆಲವು ಶಾಲೆಗಳಲ್ಲಿ ಕಲಿಕೆಯ ಮಟ್ಟ ನೋಡಿ ವಿಭಾಗಿಸಿದರು, ಇನ್ನು ಕೆಲವು ಕಡೆ ಹೇಗೆಂದರೆ ಹಾಗೆ. ಮಟ್ಟ ನೋಡಿ ವಿಭಾಗಿಸಿದ ಕಡೆ ಹಿಂದಿದ್ದವರೂ ಮುಂದಿದ್ದವರೂ ಇಬ್ಬರೂ ಜಾಸ್ತಿ ಕಲಿತರು. ಶಿಕ್ಷಕರಿಗೆ ಕೊನೆಗೂ ಎದುರಿಗಿರುವ ಮಕ್ಕಳಿಗೆ ಹೊಂದುವ ಪಾಠ ಮಾಡಲು ಆಯಿತು. ಆದರೆ ಗುಂಪು ಗೋಡೆಯಾಗಬಾರದು. ವರ್ಷಪೂರ್ತಿ ಒಂದೇ ಗುಂಪಿನಲ್ಲಿ ಉಳಿದ ಮಗುವಿಗೆ ಆ ಭಯ ನಿಜವೇ ಆಗುತ್ತದೆ.

ಇದೆಲ್ಲ ಹಿಂದೆ ಬಿದ್ದ ಮೇಲಿನ ಮಾತಾಯಿತು. ಹಿಂದೆ ಬೀಳದ ಹಾಗೆ ಮಾಡುವುದು ಇನ್ನೂ ಒಳ್ಳೆಯದು. ಅದಕ್ಕೆ ಮತ್ತೆ ಕೀನ್ಯಾಗೆ ಹೋಗಬೇಕು, ಪುಸ್ತಕ ಸೋತ ಅದೇ ದೇಶಕ್ಕೆ. 2015ರಲ್ಲಿ ಅಲ್ಲಿ ತುಸೊಮೆ ಎಂಬ ಕಾರ್ಯಕ್ರಮ ಇಡೀ ದೇಶದ ಸರ್ಕಾರಿ ಶಾಲೆಗಳಿಗೆ ಬಂತು. ತುಸೊಮೆ ಅಂದರೆ "ಓದೋಣ". ಅದಕ್ಕೂ ಮುಂಚೆ ಚಿಕ್ಕದಾಗಿ ಪರೀಕ್ಷೆ ಮಾಡಿದ್ದರು. ಬರೀ ತರಬೇತಿ ಒಂದು ಕಡೆ, ತರಬೇತಿ ಮತ್ತು ಪುಸ್ತಕ ಇನ್ನೊಂದು ಕಡೆ, ಇವೆರಡರ ಜೊತೆಗೆ ದಿನದಿನದ ಪಾಠ ಹೇಗೆ ಮಾಡಬೇಕೆಂಬ ಕೈಪಿಡಿ ಮತ್ತೊಂದು ಕಡೆ. ಕೊಟ್ಟ ದುಡ್ಡಿಗೆ ಹೆಚ್ಚು ಫಲ ಬಂದದ್ದು ಮೂರೂ ಸೇರಿದಾಗ. ಈ ಸಲ ಪುಸ್ತಕ ಒಂದೊಂದು ಮಗುವಿಗೂ ಒಂದೊಂದು. ಆ ಮಗುವಿನ ಮಟ್ಟಕ್ಕೆಂದೇ ಬರೆದದ್ದು. ಶಿಕ್ಷಕರ ಕೈಯಲ್ಲಿ ಅದೇ ಪುಟಕ್ಕೆ ಹೊಂದುವ ಕೈಪಿಡಿ.

ತುಸೊಮೆಯಲ್ಲಿದ್ದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಧಿಕಾರಿಯೊಬ್ಬರು ತರಗತಿಗೆ ಬಂದು ಹಿಂದೆ ಕೂರುತ್ತಾರೆ. ಕೈಯಲ್ಲಿ ಟ್ಯಾಬ್. ಪಾಠ ಪೂರ್ತಿ ನೋಡುತ್ತಾರೆ. ಮುಗಿದ ಮೇಲೆ ಮೂರು ಮಕ್ಕಳನ್ನು ಕರೆದು ಓದಿಸುತ್ತಾರೆ. ಆಮೇಲೆ ಶಿಕ್ಷಕರ ಜೊತೆ ಕೂತು ಯಾವುದು ಚೆನ್ನಾಗಿತ್ತು, ಯಾವುದನ್ನು ನಾಳೆ ಬೇರೆ ಥರ ಮಾಡಬಹುದು ಅಂತ ಮಾತಾಡುತ್ತಾರೆ. ದಾಖಲೆ ಪುಸ್ತಕ ಕೇಳಿ, ಸಹಿ ಹಾಕಿ, ಚಹಾ ಕುಡಿದು ಹೋಗುವ ತಪಾಸಣೆಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಆ ಮೂರು ಮಕ್ಕಳ ಓದು ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ.

ಭಾಷೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಜಗತ್ತಿನಲ್ಲಿ 40 ಶೇಕಡದಷ್ಟು ಜನರಿಗೆ ತಾವು ಆಡುವ ಅಥವಾ ತಮಗೆ ತಿಳಿಯುವ ಭಾಷೆಯಲ್ಲಿ ಶಿಕ್ಷಣ ಸಿಗುವುದಿಲ್ಲ ಎಂದು ಯುನೆಸ್ಕೊ ಅಂದಾಜು ಮಾಡಿದೆ. ಗೊತ್ತಿರುವ ಭಾಷೆಯಲ್ಲಿ ಓದು ಕಲಿಯುವ ಮಗುವಿಗೆ ಅಕ್ಷರ ಕೂಡಿಸಿದ ತಕ್ಷಣ ಬಹುಮಾನ ಸಿಗುತ್ತದೆ. ಆ ಸದ್ದು ಅದಕ್ಕೆ ಗೊತ್ತಿರುವ ಪದವಾಗುತ್ತದೆ. ಗೊತ್ತಿಲ್ಲದ ಭಾಷೆಯಲ್ಲಿ ಎಷ್ಟು ಸರಿಯಾಗಿ ಕೂಡಿಸಿದರೂ ಬರುವುದು ಬರೀ ಸದ್ದು. ಆಗ ಬಾಯಿಪಾಠ ಬಿಟ್ಟು ಬೇರೆ ದಾರಿ ಇಲ್ಲ. ಕ್ಯಾಮರೂನಿನಲ್ಲಿ ಕೋಮ್ ಭಾಷೆಯ ಮಕ್ಕಳಿಗೆ ಮೊದಲ ಮೂರು ತರಗತಿ ಅವರದೇ ಭಾಷೆಯಲ್ಲಿ ಪಾಠ ಮಾಡಿ ನೋಡಿದರು. ಮೂರನೇ ತರಗತಿಯ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲೇ ಕಲಿತವರಿಗಿಂತ ತುಂಬಾ ಮುಂದಿದ್ದರು, ಇಂಗ್ಲಿಷ್ ಪರೀಕ್ಷೆಯಲ್ಲೂ ಸಹ. ಆಮೇಲೆ ಇಂಗ್ಲಿಷಿಗೆ ಹೋದರು. ಐದನೇ ತರಗತಿಯ ಹೊತ್ತಿಗೆ ಆ ಮುನ್ನಡೆ ಅರ್ಧಕ್ಕೆ ಇಳಿಯಿತು. ಮೂರು ವರ್ಷ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಮಗ ಇಂಗ್ಲಿಷ್ ಕಲಿಯಲಿ ಅನ್ನುವ ತಂದೆತಾಯಿಯ ಆಸೆಯಲ್ಲಿ ತಪ್ಪಿಲ್ಲ. ಅಲ್ಲಿಗೆ ಹೋಗುವ ದಾರಿ ಮನೆಮಾತಿನಿಂದ ಶುರುವಾಗುತ್ತದೆ ಅಂತ ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಶಿಕ್ಷಕರು ಶಾಲೆಗೇ ಬರುವುದಿಲ್ಲ ಅನ್ನುವ ದೂರು ಸುಳ್ಳಲ್ಲ. 2000ದ ದಶಕದ ಶುರುವಿನಲ್ಲಿ ಆರು ದೇಶಗಳಲ್ಲಿ ಮುನ್ಸೂಚನೆ ಕೊಡದೆ ಹೋಗಿ ನೋಡಿದಾಗ ಸರಾಸರಿ 19 ಶೇಕಡ ಶಿಕ್ಷಕರು ಇರಲಿಲ್ಲ. ಉಗಾಂಡಾದಲ್ಲಿ 27. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಸೇವಾ ಮಂದಿರ್ ಸಂಸ್ಥೆ ತನ್ನ ಏಕೋಪಾಧ್ಯಾಯ ಶಾಲೆಗಳಿಗೆ ಕ್ಯಾಮೆರಾ ಕೊಟ್ಟಿತು. ಬೆಳಗ್ಗೆ ಒಂದು, ಸಂಜೆ ಒಂದು ಫೋಟೊ, ಬಂದ ದಿನಕ್ಕೆ ತಕ್ಕ ಸಂಬಳ. ಗೈರುಹಾಜರಿ 42 ಶೇಕಡದಿಂದ 21ಕ್ಕೆ ಇಳಿಯಿತು, ಮಕ್ಕಳ ಅಂಕವೂ ಏರಿತು. ಆದರೆ ಬರೀ ಸಂಬಳ ಏರಿಸಿದರೆ? ಇಂಡೋನೇಷ್ಯಾ ಅದನ್ನು ದುಪ್ಪಟ್ಟು ಮಾಡಿ ನೋಡಿತು. ಶಿಕ್ಷಕರಿಗೆ ನೆಮ್ಮದಿಯಾಯಿತು, ಅದು ಒಳ್ಳೆಯದೇ. ಮಕ್ಕಳ ಕಲಿಕೆ ಇದ್ದಲ್ಲೇ ಇತ್ತು. ಪೆರು ದೇಶ ಬಡ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಗಣಿತ, ಓದು ಎರಡರಲ್ಲೂ ಬದಲಾವಣೆ ಕಾಣಲಿಲ್ಲ.

ಮಾತು ಮುಗಿದ ಮೇಲೆ ಒಬ್ಬರು ದುಡ್ಡಿನ ಬಗ್ಗೆ ಕೇಳಿದರು. ಇದಕ್ಕೆಲ್ಲ ಬಡ ದೇಶಗಳ ಹತ್ತಿರ ಹಣ ಎಲ್ಲಿದೆ ಅಂತ. ನಿಜ, ಇಲ್ಲ. 2022ರಲ್ಲಿ ಕಡಿಮೆ ಆದಾಯದ ದೇಶಗಳು ಒಂದು ಮಗುವಿನ ಶಿಕ್ಷಣಕ್ಕೆ ವರ್ಷಕ್ಕೆ ಖರ್ಚು ಮಾಡಿದ್ದು ಸುಮಾರು 55 ಡಾಲರ್. ಶ್ರೀಮಂತ ದೇಶಗಳಲ್ಲಿ ಅದು 8,500 ಡಾಲರಿಗೂ ಮೇಲೆ. ಇದು ಅನ್ಯಾಯ, ಹೊರಗಿನ ನೆರವು ಹೆಚ್ಚಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 55 ಡಾಲರ್ ಇರುವವರು ಅದನ್ನು ಪೆಟ್ಟಿಗೆಯಲ್ಲಿ ಧೂಳು ತಿನ್ನುವ ಯಂತ್ರಕ್ಕೆ ಹಾಕಬಾರದು. ಒಂದು ಹಾಳೆ, ಒಂದಷ್ಟು ಕಡ್ಡಿ, ಮಗುವಿನ ಭಾಷೆಯ ಒಂದು ಪುಸ್ತಕ, ಶಿಕ್ಷಕರ ಬೆನ್ನಿಗೆ ನಿಲ್ಲುವ ಒಬ್ಬರು. ಮೊದಲು ಇವಕ್ಕೆ ಕೊಡಬೇಕು.

ಕೊನೆಯಲ್ಲಿ ಒಬ್ಬರು ಶಿಕ್ಷಕಿ ಎದ್ದು ನಿಂತರು. "ಸಿಲಬಸ್ ಮುಗಿಸಲಿಲ್ಲ ಅಂದ್ರೆ ಕೇಳೋದು ನಮ್ಮನ್ನೇ. ನಾವೇನು ಮಾಡಬೇಕು ಹೇಳಿ" ಅಂದರು. ಅವರ ಪ್ರಶ್ನೆ ನ್ಯಾಯವಾದದ್ದು. ನಾನು ಹೇಳಿದ್ದು ಇಷ್ಟು. ಅಕ್ಷರ, ಪದ, ನಾಲ್ಕು ಸಾಲು, ಒಂದು ಸಣ್ಣ ಕಥೆ ಇರುವ ಒಂದು ಹಾಳೆ ಮಾಡಿಕೊಳ್ಳಿ. ದಿನಕ್ಕೆ ಐದಾರು ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ. ಬೇರೆ ಮಕ್ಕಳ ಎದುರು ಬೇಡ. ಒಂದೆರಡು ವಾರದಲ್ಲಿ ತರಗತಿ ಮುಗಿಯುತ್ತದೆ. ಪ್ರತಿ ಹೆಸರಿನ ಮುಂದೆ ಮಟ್ಟ ಬರೆಯಿರಿ. ಆ ಪಟ್ಟಿ ಹಿಡಿದುಕೊಂಡು ನಿಮ್ಮ ಮುಖ್ಯ ಶಿಕ್ಷಕರ ಹತ್ತಿರ ಹೋಗಿ, ನನ್ನ ನಾಲ್ಕನೇ ತರಗತಿಯಲ್ಲಿ ಇಷ್ಟು ಮಕ್ಕಳು ಇನ್ನೂ ಅಕ್ಷರದಲ್ಲಿದ್ದಾರೆ, ಇವರಿಗಾಗಿ ದಿನಕ್ಕೆ ಒಂದು ಗಂಟೆ ಕೊಡಿ ಅಂತ ಕೇಳಿ. ಅವರು ಒಬ್ಬರೇ ತೀರ್ಮಾನ ಮಾಡಲಾಗದಿದ್ದರೆ ಅದೇ ಪಟ್ಟಿ ಅವರ ಮೇಲಿನವರಿಗೆ ಹೋಗಲಿ. ಮಟ್ಟವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ. ತಿಂಗಳೊಳಗೆ ಅಳಿಸಿ ಬರೆಯಬೇಕಾಗುತ್ತದೆ.